ಗುಜರಿ ಸಾಮಾನಿನ ಹಸಿರುಮನೆ

ಕೆಡವಿದ ಮನೆಯ ಕಿಟಕಿ, ಅಂಗಡಿಯವರು ಕಳಚಿ ಹಾಕಿದ ಗಾಜಿನ ಬಾಗಿಲು, ಖಾಲಿ ಬಾಟಲಿ, ಸರಕು ಹೊತ್ತು ಬಂದ ಮರದ ಪ್ಯಾಲೆಟ್ಟು, ಮುದಿ ಅಡಿಕೆ ಮರದ ದಬ್ಬೆ, ಹಳೆಯ ಜಿಐ ಪೈಪು. ಇಂಥವನ್ನು ಕೂಡಿಸಿ ಹಿತ್ತಲಿನಲ್ಲೋ ತಾರಸಿಯ ಮೇಲೋ ಕಟ್ಟಿಕೊಳ್ಳುವ, ಬೆಳಕನ್ನು ಒಳಬಿಟ್ಟು ಚಳಿ ಗಾಳಿ ಮಳೆಗಳನ್ನು ತಡೆಯುವ ಸಣ್ಣ ಸಸ್ಯಗೃಹವೇ ಗುಜರಿ ಸಾಮಾನಿನ ಹಸಿರುಮನೆ. ವಿಸ್ತೀರ್ಣ ಸಾಮಾನ್ಯವಾಗಿ ನಾಲ್ಕೈದು ಚದರ ಮೀಟರಿನಿಂದ ಇಪ್ಪತ್ತರ ಒಳಗೆ. ಸಸಿ ಎಬ್ಬಿಸಲು, ಸೊಪ್ಪು ತರಕಾರಿ ಬೆಳೆಯಲು, ಆರ್ಕಿಡ್, ಆಂಥೂರಿಯಂನಂಥ ನಾಜೂಕಿನ ಗಿಡಗಳನ್ನು ಕಾಪಾಡಲು ಇದನ್ನು ಬಳಸುತ್ತಾರೆ.

ಕಂಪನಿಯಿಂದ ಕೊಂಡು ತರುವ ಹಸಿರುಮನೆಗೆ ಮೊದಲು ನಕ್ಷೆ, ಆಮೇಲೆ ಸಾಮಾನು. ಗುಜರಿಯಿಂದ ಕಟ್ಟುವಾಗ ಕ್ರಮ ತಿರುವುಮುರುವಾಗುತ್ತದೆ. ಸಿಕ್ಕ ಕಿಟಕಿಯ ಅಗಲವನ್ನು ಕೂಡಿ ಗೋಡೆಯ ಉದ್ದ ನಿಶ್ಚಯಿಸಬೇಕು, ಸಿಕ್ಕ ಬಾಗಿಲಿನ ಎತ್ತರ ನೋಡಿ ಸೂರು ಇಳಿಸಬೇಕು. ಇದನ್ನು ಮರೆತು ಕಾಗದದ ಮೇಲೆ ಅಳತೆ ಬರೆದುಕೊಂಡು ಹೊರಟವರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬರೆದ ಅಳತೆಗೆ ಸರಿಹೊಂದುವ ಹಳೆಯ ಗಾಜು ಊರೆಲ್ಲ ಸುತ್ತಿದರೂ ಸಿಗುವುದು ಅಪರೂಪ. ಈ ಬಗೆಯ ಹಸಿರುಮನೆಗಳಲ್ಲಿ ಒಂದರಂತೆ ಇನ್ನೊಂದು ಇರದಿರುವುದಕ್ಕೂ ಇದೇ ಕಾರಣ.

ಹಿನ್ನೆಲೆ

ಕಿಟಕಿ ಗಾಜಿನ ಹಾಳೆ ಮನೆಮಾತಾಗುವ ಎಷ್ಟೋ ಮೊದಲೇ ಮನುಷ್ಯ ಬೆಳಕು ಬಿಡುವ ಹೊದಿಕೆಯನ್ನು ಗಿಡದ ಮೇಲೆ ಕವಿಚಿದ್ದ. ಕ್ರಿ.ಶ. 1ನೇ ಶತಮಾನದ ರೋಮನ್ ಚಕ್ರವರ್ತಿ ತಿಬೇರಿಯಸ್‌ನಿಗೆ ದಿನವೂ ಸೌತೆ ಬೇಕಾಗುತ್ತಿತ್ತು. ಅವನ ತೋಟಗಾರರು ಚಕ್ರ ಜೋಡಿಸಿದ ಮಡಿಗಳಲ್ಲಿ ಬಳ್ಳಿ ಬೆಳೆಸಿ ಬಿಸಿಲಿಗೆ ತಳ್ಳಿಕೊಂಡು ಹೋಗುತ್ತಿದ್ದರು, ಚಳಿ ಬಿದ್ದಾಗ ಪಾರದರ್ಶಕ ಕಲ್ಲಿನ ತೆಳು ಹಲಗೆ ಕೂರಿಸಿದ ಚೌಕಟ್ಟಿನ ಅಡಿಗೆ ಎಳೆದುಕೊಳ್ಳುತ್ತಿದ್ದರು ಎಂದು ಹಿರಿಯ ಪ್ಲಿನಿ ದಾಖಲಿಸಿದ್ದಾನೆ. ಕೊರಿಯಾದಲ್ಲಿ 1450ರ ಆಸುಪಾಸಿನ ‘ಸಾಂಗಾ ಯೊರೊಕ್’ ಎಂಬ ಕೃತಿ, ನೆಲದಡಿಯ ಬಿಸಿ ಹೊಗೆಯ ಕಾಲುವೆಯಿಂದ ಬೆಚ್ಚಗಾಗುವ, ಎಣ್ಣೆ ಸವರಿದ ಕಾಗದ ಹೊದಿಸಿದ ಕೋಣೆಯಲ್ಲಿ ಚಳಿಗಾಲದ ತರಕಾರಿ ಬೆಳೆಯುವ ಬಗೆಯನ್ನು ವಿವರಿಸುತ್ತದೆ. ರೋಮಿನ ಕಲ್ಲು, ಕೊರಿಯಾದ ಕಾಗದ ಎರಡೂ ಆಯಾ ನಾಡಿನಲ್ಲಿ ಕೈಗೆಟುಕುತ್ತಿದ್ದ ವಸ್ತುಗಳು.

ಗಾಜು ಬಂದ ಮೇಲೂ ಅದು ಸಾಮಾನ್ಯರ ಹಿತ್ತಲಿಗೆ ಇಳಿಯಲು ಬಹಳ ಕಾಲ ಹಿಡಿಯಿತು. ಇಂಗ್ಲೆಂಡಿನಲ್ಲಿ 1745ರ ಕಾಯಿದೆ ಗಾಜಿಗೆ ತೂಕದ ಲೆಕ್ಕದಲ್ಲಿ ಸುಂಕ ಹಾಕಿತು. ಅದು ರದ್ದಾದದ್ದು 1845ರಲ್ಲಿ. ಆರು ವರ್ಷ ಕಳೆದು 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ದೊಡ್ಡ ಪ್ರದರ್ಶನವೊಂದಕ್ಕಾಗಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಗಾಜಿನ ಅರಮನೆ ಎದ್ದು ನಿಂತಿತು. ಅದನ್ನು ರೂಪಿಸಿದ ಜೋಸೆಫ್ ಪ್ಯಾಕ್ಸ್‌ಟನ್ ವೃತ್ತಿಯಿಂದ ತೋಟಗಾರ. ಆಗ ಸಿಗುತ್ತಿದ್ದ 49 ಅಂಗುಲ ಉದ್ದ, 10 ಅಂಗುಲ ಅಗಲದ ಗಾಜಿನ ಹಾಳೆಯನ್ನೇ ಮೂಲಮಾನವಾಗಿಟ್ಟುಕೊಂಡು ಅವನು ಇಡೀ ಕಟ್ಟಡದ ಲೆಕ್ಕ ಹಾಕಿದ. ಹಳೆಯ ಕಿಟಕಿಗಳನ್ನು ಅಂಗಳದಲ್ಲಿ ಹಾಸಿ, ಅಳೆದು, ಆಮೇಲೆ ಗೋಡೆ ಯೋಚಿಸುವ ಮನೆತೋಟದವರು ಹಿಡಿಯುವ ದಾರಿಯೂ ಅದೇ. ಪ್ರದರ್ಶನ ಮುಗಿದ ಮೇಲೆ ಆ ಅರಮನೆಯನ್ನು ಬಿಚ್ಚಿ, ಸಿಡೆನ್‌ಹ್ಯಾಮ್ ಗುಡ್ಡಕ್ಕೆ ಸಾಗಿಸಿ, ಹಿಗ್ಗಿಸಿ ಕಟ್ಟಿ 1854ರಲ್ಲಿ ಮತ್ತೆ ತೆರೆದರು. 1936ರ ಬೆಂಕಿಯವರೆಗೂ ಅದು ಅಲ್ಲಿತ್ತು. ಅದರ ಮಾದರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಆಗ ತೋಟದ ಉಸ್ತುವಾರಿ ಜಾನ್ ಕ್ಯಾಮರಾನ್ ಅವರದು, ಕಬ್ಬಿಣದ ಭಾಗಗಳು ಬಂದದ್ದು ಗ್ಲಾಸ್ಗೋದಿಂದ.

ಇದು ಅರಮನೆಗಳ ಕತೆ. ಹಳೆಯ ಸಾಮಾನಿನ ಹಸಿರುಮನೆ ಬೆಳೆದದ್ದು ಗೇಣಿ ತುಂಡುಗಳಲ್ಲಿ. ಬ್ರಿಟನ್ನಿನಲ್ಲಿ 1908ರ ಕಾಯಿದೆಯು ಕೂಲಿಕಾರ ಕುಟುಂಬಗಳಿಗೆ ತರಕಾರಿ ಬೆಳೆಯಲು ‘ಅಲಾಟ್‌ಮೆಂಟ್’ ಎಂಬ ತುಂಡು ಭೂಮಿ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಒಂದು ಪೂರ್ಣ ತುಂಡು ಸುಮಾರು 250 ಚದರ ಮೀಟರು. ಅಲ್ಲಿನ ಗುಡಿಸಲು, ಗಾಜಿನ ಗೂಡುಗಳೆಲ್ಲ ಹಳೆಯ ಬಾಗಿಲು ಕಿಟಕಿಗಳ ಕೂಡಣೆ. ನೆದರ್‌ಲ್ಯಾಂಡ್ಸ್‌ನಲ್ಲಿ ತರಕಾರಿ ಮಡಿ ಮುಚ್ಚಲು ಬಳಸುತ್ತಿದ್ದ, ಒಂದೂವರೆ ಮೀಟರು ಉದ್ದ, 80 ಸೆಂಟಿಮೀಟರು ಅಗಲದ ಒಂಟಿ ಗಾಜಿನ ಚೌಕಟ್ಟುಗಳು ಬ್ರಿಟನ್ನಿನ ತೋಟಗಳಿಗೂ ಬಂದವು. ಎಲ್ಲವೂ ಒಂದೇ ಅಳತೆ ಇದ್ದದ್ದರಿಂದ ಅವನ್ನು ನಿಲ್ಲಿಸಿ ಗೋಡೆ ಮಾಡುವುದು, ಓರೆಯಾಗಿಟ್ಟು ಚಾವಣಿ ಮಾಡುವುದು ಸಲೀಸಾಗಿತ್ತು. 1980ರ ದಶಕದಿಂದ ಬ್ರಿಟನ್ನಿನ ಮನೆಗಳು ಮರದ ಕಿಟಕಿ ಕಿತ್ತು ಜೋಡಿ ಗಾಜಿನ ಪ್ಲಾಸ್ಟಿಕ್ ಕಿಟಕಿ ಹಾಕಿಸತೊಡಗಿದಾಗ ಈ ಕಸುಬಿಗೆ ಸುಗ್ಗಿಯೇ ಬಂದಂತಾಯಿತು.

ರಷ್ಯಾದಲ್ಲಿ ಅದೇ ಬದಲಾವಣೆ 1990ರ ದಶಕದ ಕೊನೆಯಿಂದ ನಡೆಯಿತು. ಸೋವಿಯತ್ ಕಾಲದಲ್ಲಿ ನಗರದ ಕುಟುಂಬಗಳಿಗೆ ಊರಾಚೆ ಹಂಚಿದ ತೋಟದ ತುಂಡು ಸಾಮಾನ್ಯವಾಗಿ 600 ಚದರ ಮೀಟರು. ಅಪಾರ್ಟ್‌ಮೆಂಟಿನಿಂದ ಇಳಿದ ಎರಡು ಪದರದ ಮರದ ಕಿಟಕಿಗಳು ರೈಲು, ಕಾರುಗಳಲ್ಲಿ ಆ ತುಂಡುಗಳಿಗೆ ಪಯಣಿಸಿ ಟೊಮೆಟೊ, ಸೌತೆಗಳ ಮನೆಗಳಾದವು. ಬೇಸಿಗೆ ಅಲ್ಲಿ ಕೆಲವೇ ತಿಂಗಳು. ಗಾಜಿನ ಅಡಿಯಲ್ಲಿ ಸಿಗುವ ಹೆಚ್ಚುವರಿ ವಾರಗಳೇ ಟೊಮೆಟೊ ಗಿಡದಲ್ಲಿ ಕೆಂಪಾಗುವುದೋ ಕಾಯಾಗಿಯೇ ಕೊಯ್ಯಬೇಕೋ ಎಂಬುದನ್ನು ತೀರ್ಮಾನಿಸುತ್ತವೆ.

ಪ್ಲಾಸ್ಟಿಕ್ ಹಾಳೆಯ ಹಸಿರುಮನೆಯೂ ಹಣದ ಮುಗ್ಗಟ್ಟಿನಿಂದಲೇ ಹುಟ್ಟಿತು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದ ತೋಟಗಾರಿಕೆ ಪ್ರಾಧ್ಯಾಪಕ ಎಮರಿ ಎಮ್ಮರ್ಟ್ ಅವರಿಗೆ ಸಂಶೋಧನೆಗೆ ಗಾಜಿನ ಮನೆ ಬೇಕಿತ್ತು, ಗಾಜಿಗೆ ಹಣ ಸಾಲಲಿಲ್ಲ. 1948ರಲ್ಲಿ ಅವರು ಮರದ ಚೌಕಟ್ಟಿಗೆ ಸೆಲ್ಯುಲೋಸ್ ಅಸಿಟೇಟ್ ಹಾಳೆ ಹೊದಿಸಿ ಕೆಲಸ ಆರಂಭಿಸಿದರು, ಮುಂದೆ ಪಾಲಿಥೀನಿಗೆ ಬಂದರು. ಇಂದಿನ ಪಾಲಿಹೌಸ್‌ಗಳೆಲ್ಲ ಆ ಮರದ ಚೌಕಟ್ಟಿನ ಸಂತತಿ. ಸ್ಪೇನಿನ ಅಲ್ಮೆರಿಯಾದಲ್ಲಿ 1960ರ ದಶಕದಲ್ಲಿ ರೈತರು ದ್ರಾಕ್ಷಿ ಚಪ್ಪರದ ಕಂಬ, ತಂತಿಗಳ ಮೇಲೆಯೇ ಪ್ಲಾಸ್ಟಿಕ್ ಎಳೆದು ತರಕಾರಿ ಬೆಳೆದರು. ಉಪಗ್ರಹ ಚಿತ್ರಗಳಲ್ಲಿ ಬೆಳ್ಳಗೆ ಕಾಣುವ ಅಲ್ಲಿನ ಪ್ಲಾಸ್ಟಿಕ್ ಬಯಲಿನ ಮೂಲ ವಿನ್ಯಾಸ ಆ ಚಪ್ಪರವೇ.

ಬಿಸಿ ಎಲ್ಲಿಂದ ಬರುತ್ತದೆ?

ಸ್ವಿಟ್ಜರ್‌ಲ್ಯಾಂಡಿನ ವಿಜ್ಞಾನಿ ದ ಸೊಸ್ಯೂರ್ 1767ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದು ಇಟ್ಟು ಬಿಸಿಲಿಗೆ ಒಡ್ಡಿದಾಗ ಒಳಗಿನ ಪೆಟ್ಟಿಗೆಯ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಗಾಜು ಬೆಳಕನ್ನು ಒಳಬಿಟ್ಟು ಶಾಖದ ಕಿರಣಗಳನ್ನು ಹಿಡಿದಿಡುವುದೇ ಇದಕ್ಕೆ ಕಾರಣವೆಂದು ಬಹುಕಾಲ ನಂಬಲಾಗಿತ್ತು. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆಗಳನ್ನು ಮಾಡಿ, ಒಂದಕ್ಕೆ ಗಾಜು, ಇನ್ನೊಂದಕ್ಕೆ ಶಾಖದ ಕಿರಣವನ್ನು ಸರಾಗವಾಗಿ ಹೊರಬಿಡುವ ಕಲ್ಲುಪ್ಪಿನ ಹಲಗೆ ಮುಚ್ಚಿದ. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಿಸಿಯಾದವು. ನೆಲ ಕಾದು, ಅದರ ಮೇಲಿನ ಗಾಳಿ ಕಾದು, ಆ ಗಾಳಿ ಮೇಲೇರಿ ತಪ್ಪಿಸಿಕೊಳ್ಳದಂತೆ ಮುಚ್ಚಳ ತಡೆಯುವುದೇ ಹಸಿರುಮನೆಯ ಬಿಸಿಯ ಮುಖ್ಯ ಗುಟ್ಟು.

ಗುಜರಿಯಿಂದ ಕಟ್ಟುವವರಿಗೆ ಈ ಪ್ರಯೋಗ ದೊಡ್ಡ ಸಮಾಧಾನ ಕೊಡುತ್ತದೆ. ಹೊದಿಕೆ ಯಾವ ವಸ್ತುವಿನದು ಎಂಬುದಕ್ಕಿಂತ ಸಂದುಗಳು ಎಷ್ಟು ಬಿಗಿ ಎಂಬುದು ಹೆಚ್ಚು ಮುಖ್ಯ. ಒಳ್ಳೆಯ ಗಾಜು ಹಾಕಿ ಕಿಟಕಿಗಳ ನಡುವೆ ಬೆರಳು ತೂರುವ ಬಿರುಕು ಬಿಟ್ಟರೆ ರಾತ್ರಿಯ ಬಿಸಿ ಅಲ್ಲೇ ಸೋರಿಹೋಗುತ್ತದೆ. ಸಾಧಾರಣ ಪಾಲಿಥೀನು ಬಿಗಿದು ಕಟ್ಟಿದ್ದರೆ ಕೆಲಸ ಸಾಗುತ್ತದೆ. ಬಿಸಿನಾಡಿನಲ್ಲಿ ಇದೇ ತತ್ವ ಮಗುಚಿ ಅನ್ವಯಿಸುತ್ತದೆ: ಚಾವಣಿಯ ತುದಿಯಲ್ಲಿ ಗಾಳಿಗೆ ದಾರಿ ಬಿಟ್ಟೊಡನೆ ಬಿಸಿ ಇಳಿಯುತ್ತದೆ.

ಹೊದಿಕೆ

ಹಳೆಯ ಕಿಟಕಿ ಈ ಕೆಲಸಕ್ಕೆ ಮೊದಲ ಆಯ್ಕೆ, ಏಕೆಂದರೆ ಗಾಜಿನ ಜತೆಗೆ ಚೌಕಟ್ಟು, ಬಿಜಾಗರಿ, ಚಿಲಕ ಎಲ್ಲವೂ ಬರುತ್ತವೆ. ತೆರೆಯುವ ರೆಕ್ಕೆಗಳನ್ನು ಹಾಗೆಯೇ ಉಳಿಸಿಕೊಂಡರೆ ಗಾಳಿಕಿಂಡಿಗೆ ಬೇರೆ ಖರ್ಚಿಲ್ಲ. ಸಾದಾ ಗಾಜು ತನ್ನ ಮೇಲೆ ನೇರ ಬಿದ್ದ ಬೆಳಕಿನ ಸುಮಾರು ಶೇಕಡಾ 90 ಭಾಗವನ್ನು ಒಳಬಿಡುತ್ತದೆ. ನಮ್ಮ ಕಡೆಯ ಹಳೆಯ ಮನೆಗಳ ಕಿಟಕಿಗಳಲ್ಲಿ ಹೆಚ್ಚಾಗಿ ಇರುವ ‘ಪಿನ್‌ಹೆಡ್’ ಗಾಜು, ಅಂದರೆ ಸಣ್ಣ ಗುಳಿಗಳ ಉಬ್ಬುತಗ್ಗಿನ ಗಾಜು, ಹಸಿರುಮನೆಗೆ ಬಲು ಒಳ್ಳೆಯದು. ಅದು ಬೆಳಕನ್ನು ಚೆದುರಿಸುವುದರಿಂದ ಕೆಳಗಿನ ಎಲೆಗಳಿಗೂ ಬೆಳಕು ಮುಟ್ಟುತ್ತದೆ, ಬಿಸಿಲು ಒಂದೇ ಜಾಗಕ್ಕೆ ಬಡಿದು ಎಲೆ ಸುಡುವುದು ತಪ್ಪುತ್ತದೆ.

ಗಾಜಿನ ತೊಂದರೆ ಅದರ ಭಾರ. ಒಂದು ಮಿಲಿಮೀಟರು ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕಿಲೊ ಲೆಕ್ಕ, 4 ಮಿ.ಮೀ. ಗಾಜಾದರೆ ಚದರ ಮೀಟರಿಗೆ 10 ಕಿಲೊ, ಮರದ ಚೌಕಟ್ಟಿನ ತೂಕ ಬೇರೆ. ಇದೇ ಜಾಗಕ್ಕೆ 200 ಮೈಕ್ರಾನಿನ ಪಾಲಿಥೀನು ಹಾಳೆ 200 ಗ್ರಾಮಿಗಿಂತ ಕಡಿಮೆ ತೂಗುತ್ತದೆ. ಹಾಗಾಗಿ ಅನುಭವಿಗಳು ಗೋಡೆಗೆ ಕಿಟಕಿ, ಚಾವಣಿಗೆ ಪಾಲಿಥೀನು ಅಥವಾ ಪಾಲಿಕಾರ್ಬನೇಟು ಎಂಬ ಬೆರಕೆ ದಾರಿ ಹಿಡಿಯುತ್ತಾರೆ. ತಲೆಯ ಮೇಲೆ ಸಾದಾ ಗಾಜು ಕೂರಿಸದಿರುವುದು ಸುರಕ್ಷತೆಗೂ ಒಳ್ಳೆಯದು. ಅದು ಒಡೆದರೆ ಚೂಪು ಚೂರುಗಳಾಗಿ ಬೀಳುತ್ತದೆ. ಅಂಗಡಿ ಬಾಗಿಲು, ಕಾರಿನ ಪಕ್ಕದ ಕಿಟಕಿಗಳಲ್ಲಿ ಇರುವ ಟಫನ್ಡ್ ಗಾಜು ಗಟ್ಟಿ, ಒಡೆದರೂ ಸಣ್ಣ ಹರಳುಗಳಾಗುತ್ತದೆ. ಆದರೆ ಅದನ್ನು ಬೇಕಾದ ಅಳತೆಗೆ ಕತ್ತರಿಸಲು ಆಗುವುದಿಲ್ಲ, ಗೆರೆ ಎಳೆದೊಡನೆ ಪೂರ್ತಿ ಪುಡಿಯಾಗುತ್ತದೆ. ನಡುವೆ ಮಂಜು ಕಟ್ಟಿದೆ ಎಂದು ಬಿಸಾಡಿದ ಜೋಡಿ ಗಾಜಿನ ಪಟಲಗಳನ್ನು ಬಿಡಬಾರದು. ಮನೆಗೆ ಅಂದಗೆಟ್ಟರೂ ಗಿಡಕ್ಕೆ ಅವುಗಳ ಬೆಚ್ಚನೆ ಸಾಕು.

ಬಾಟಲಿಯ ಹಸಿರುಮನೆ ಸ್ಕಾಟ್ಲೆಂಡಿನ ಶಾಲೆಗಳಲ್ಲಿ ಹೆಸರು ಮಾಡಿತು. ಎರಡು ಲೀಟರಿನ ಪೆಟ್ ಬಾಟಲಿಗಳ ತಳ ಕತ್ತರಿಸಿ, ಒಂದರ ಬಾಯಿ ಇನ್ನೊಂದರ ತಳದೊಳಗೆ ಕೂರುವಂತೆ ತೆಳು ಬಿದಿರ ಕೋಲಿಗೆ ಪೋಣಿಸಿ, ಅಂಥ ಕೋಲುಗಳನ್ನು ಮರದ ಚೌಕಟ್ಟಿನಲ್ಲಿ ಒತ್ತಾಗಿ ನಿಲ್ಲಿಸುತ್ತಾರೆ. ಎಂಟಡಿ ಉದ್ದ ಆರಡಿ ಅಗಲದ ಮನೆಗೆ ಸುಮಾರು 1,400ರಿಂದ 1,500 ಬಾಟಲಿ ಬೇಕು. ಇಷ್ಟು ಬಾಟಲಿ ಕೂಡಿಹಾಕುವುದು ಒಂದು ಮನೆಯಿಂದಾಗದ ಕೆಲಸ, ಶಾಲೆಯೊಂದಕ್ಕೆ ಹೇಳಿಮಾಡಿಸಿದ್ದು. ಬಾಟಲಿಯೊಳಗೆ ಸಿಕ್ಕಿಕೊಂಡ ಗಾಳಿ ಚಳಿಗೆ ತಡೆಯಾಗುತ್ತದೆ. ಸಂದುಗಳು ಮಾತ್ರ ಎಷ್ಟು ಒತ್ತಿದರೂ ಉಳಿಯುತ್ತವೆ. ಸ್ಕಾಟ್ಲೆಂಡಿನಲ್ಲಿ ಕೊರತೆ ಎನಿಸುವ ಈ ಗುಣ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ವರವಾದೀತು.

ಪಾಲಿಥೀನಿನ ವಿಷಯದಲ್ಲಿ ಒಂದೇ ಎಚ್ಚರ: ಯುವಿ ನಿರೋಧಕ ಸೇರಿಸಿದ ಹಾಳೆಯಾದರೆ ಮೂರು ನಾಲ್ಕು ವರ್ಷ ಬಾಳುತ್ತದೆ, ಸಾದಾ ಪ್ಯಾಕಿಂಗ್ ಹಾಳೆ ಒಂದು ಬೇಸಿಗೆಗೇ ಹರಕಾಗುತ್ತದೆ. ವಾಣಿಜ್ಯ ಪಾಲಿಹೌಸಿನವರು ಬೆಳಕು ಮಂಕಾಯಿತೆಂದು ತೆಗೆದುಹಾಕುವ ಹಾಳೆಯಲ್ಲಿ ಸಣ್ಣ ಮನೆಗೆ ಸಾಕಾಗುವಷ್ಟು ಗಟ್ಟಿ ಭಾಗ ಇರುತ್ತದೆ. ಸೋಪು ನೀರಿನಲ್ಲಿ ತೊಳೆದರೆ ಪಾಚಿ, ಧೂಳು ಹೋಗಿ ಬೆಳಕು ಸುಧಾರಿಸುತ್ತದೆ. ಫ್ಲೆಕ್ಸ್ ಬ್ಯಾನರು ಎಲ್ಲೆಡೆ ಪುಕ್ಕಟೆ ಸಿಗುತ್ತದಾದರೂ ಬೆಳಕು ಬಿಡದ್ದರಿಂದ ಚಾವಣಿಗೆ ಬಾರದು.

ಅಸ್ಥಿಪಂಜರ, ಅಡಿಪಾಯ, ಗಾಳಿ

ಚೌಕಟ್ಟಿಗೆ ಮರ, ಜಿಐ ಪೈಪು, ಕಬ್ಬಿಣದ ಆಂಗಲ್, ಬಿದಿರು ಯಾವುದಾದರೂ ಆದೀತು. ಪಿವಿಸಿ ಪೈಪನ್ನು ಕಮಾನಾಗಿ ಬಾಗಿಸಿ ಪಾಲಿಥೀನು ಹೊದಿಸುವುದು ಸುಲಭವೆಂದು ಹಲವರು ಅದಕ್ಕೆ ಕೈಹಾಕುತ್ತಾರೆ. ಪಿವಿಸಿ ಬಿಸಿಲಿಗೆ ಪೆಡಸಾಗುತ್ತದೆ, ಜತೆಗೆ ತನಗೆ ತಾಗಿದ ಪಾಲಿಥೀನನ್ನೂ ಬೇಗ ಕೆಡಿಸುತ್ತದೆ. ಪೈಪಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತುವುದು ಅಥವಾ ಬಿಳಿ ಬಣ್ಣ ಬಳಿಯುವುದು ಇದಕ್ಕೆ ಪರಿಹಾರ. ಹರಿದುಹೋದ ಹನಿ ನೀರಾವರಿ ಪೈಪನ್ನು ಉದ್ದಕ್ಕೆ ಸೀಳಿ, ಹಾಳೆಯ ಮೇಲೆ ಚೌಕಟ್ಟಿಗೆ ಕಚ್ಚಿಸಿದರೆ ಮೊಳೆ ಹೊಡೆದು ಹಾಳೆ ಹರಿಯುವ ಪ್ರಮೇಯವೇ ಬರುವುದಿಲ್ಲ.

ಇಂಥ ಮನೆಗಳು ಕುಸಿಯುವುದಕ್ಕಿಂತ ಹಾರಿಹೋಗುವುದೇ ಹೆಚ್ಚು. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಹಗುರ ಹೊದಿಕೆಯ ಮನೆಯನ್ನು ಮುಂಗಾರಿನ ಮೊದಲ ಬಿರುಗಾಳಿ ಎತ್ತಿ ಪಕ್ಕದ ಹಿತ್ತಲಿಗೆ ಹಾಕಬಲ್ಲದು. ಆದ್ದರಿಂದ ಕಂಬಗಳನ್ನು ಎರಡು ಅಡಿ ಆಳಕ್ಕೆ ಹೂಳುವುದು, ಮೂಲೆಗಳಲ್ಲಿ ಓರೆ ಪಟ್ಟಿ ಹೊಡೆಯುವುದು, ಹಾಳೆಯ ಅಂಚನ್ನು ಸುತ್ತಲಿನ ಕಾಲುವೆಗೆ ಇಳಿಸಿ ಮಣ್ಣು ಮುಚ್ಚುವುದು ರೂಢಿ. ಆದರೆ ಮರದ ಕಂಬ ನೇರವಾಗಿ ಮಣ್ಣಿಗೆ ತಾಗಿದರೆ ನಮ್ಮಲ್ಲಿ ಗೆದ್ದಲು ಬಿಡುವುದಿಲ್ಲ. ಕಲ್ಲಿನ ಅಥವಾ ಕಾಂಕ್ರೀಟಿನ ಗುತ್ತಿಯ ಮೇಲೆ ಕಬ್ಬಿಣದ ಪಟ್ಟಿ ಹಿಡಿಸಿ ಕಂಬ ನಿಲ್ಲಿಸಬೇಕು. ಕರಾವಳಿಯಲ್ಲಿ ದೋಣಿಗೂ ಮನೆಯ ಮರಮುಟ್ಟಿಗೂ ಹಿಂದಿನಿಂದ ಬಳಿಯುತ್ತ ಬಂದಿರುವ ಗೇರುಬೀಜದ ಸಿಪ್ಪೆಯ ಎಣ್ಣೆ ಗೆದ್ದಲಿಗೆ ಒಳ್ಳೆಯ ತಡೆ. ಆದರೆ ಆ ಎಣ್ಣೆ ಬರಿಗೈಗೆ ತಾಗಿದರೆ ಚರ್ಮ ಸುಡುತ್ತದೆ.

ಗಾಳಿಕಿಂಡಿಯ ಒಟ್ಟು ವಿಸ್ತೀರ್ಣ ನೆಲದ ವಿಸ್ತೀರ್ಣದ ಐದನೇ ಒಂದು ಭಾಗದಷ್ಟಾದರೂ ಇರಲಿ ಎನ್ನುವುದು ಚಳಿನಾಡಿನ ಲೆಕ್ಕ. ಕೆಳಗೊಂದು ಕಿಂಡಿ, ಮೇಲೊಂದು ಕಿಂಡಿ ಇದ್ದರೆ ಬಿಸಿಗಾಳಿ ಮೇಲಿನಿಂದ ಹೊರಟಂತೆ ತಂಪುಗಾಳಿ ಕೆಳಗಿನಿಂದ ತಾನಾಗಿ ನುಗ್ಗುತ್ತದೆ.

ಹಗಲಿನ ಬಿಸಿಯನ್ನು ರಾತ್ರಿಗೆ ಉಳಿಸಲು ಅತ್ಯಂತ ಅಗ್ಗದ ಸಾಧನ ನೀರು. ಕಪ್ಪು ಬಣ್ಣ ಬಳಿದ 200 ಲೀಟರಿನ ಡ್ರಮ್ಮು ರಾತ್ರಿಯಲ್ಲಿ 10 ಡಿಗ್ರಿ ತಣಿದರೆ ಸುಮಾರು 2.3 ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಹೊರಬಿಡುತ್ತದೆ. ಅಮೆರಿಕದ ನ್ಯೂ ಮೆಕ್ಸಿಕೊದ ಟಾವೋಸ್‌ನಲ್ಲಿ ವಾಸ್ತುಶಿಲ್ಪಿ ಮೈಕೆಲ್ ರೆನಾಲ್ಡ್ಸ್ 1970ರ ದಶಕದಿಂದ ಕಟ್ಟುತ್ತ ಬಂದ ‘ಅರ್ತ್‌ಶಿಪ್’ ಮನೆಗಳಲ್ಲಿ ಮಣ್ಣು ಗಿಡಿದ ಹಳೆಯ ಟೈರುಗಳ ದಪ್ಪ ಗೋಡೆ ಈ ಕೆಲಸ ಮಾಡುತ್ತದೆ. ದಕ್ಷಿಣದ ಗಾಜಿನ ಮುಂಭಾಗವೇ ಹಸಿರುಮನೆ. ಮನೆಯ ಬಳಸಿದ ನೀರು ಅಲ್ಲಿನ ಗಿಡಗಳಿಗೆ ಹರಿಯುತ್ತದೆ. ಬಿಸಾಡಿದ ಬಿಯರ್ ಕ್ಯಾನು, ಗಾಜಿನ ಬಾಟಲಿಗಳು ಒಳಗೋಡೆಗಳಾಗುತ್ತವೆ.

ಲಡಾಖ್‌ನಿಂದ ಮಲೆನಾಡಿಗೆ

ಭಾರತದಲ್ಲಿ ಚಳಿಯನ್ನು ಎದುರಿಸುವ ಅಗ್ಗದ ಹಸಿರುಮನೆಗೆ ಲಡಾಖ್ ಒಳ್ಳೆಯ ಉದಾಹರಣೆ. ಚಳಿಗಾಲದಲ್ಲಿ ದಾರಿ ಮುಚ್ಚಿ ತಾಜಾ ತರಕಾರಿ ಸಿಗದ ಆ ನಾಡಿನಲ್ಲಿ ಮಣ್ಣಿನಿಟ್ಟಿಗೆಯ ದಪ್ಪ ಗೋಡೆಯನ್ನು ಉತ್ತರ, ಪೂರ್ವ, ಪಶ್ಚಿಮಗಳಿಗೆ ಎಬ್ಬಿಸಿ, ದಕ್ಷಿಣಕ್ಕೆ ಮಾತ್ರ ಓರೆಯಾಗಿ ಪಾಲಿಥೀನು ಹೊದಿಸುತ್ತಾರೆ. ಉತ್ತರದ ಗೋಡೆಯ ಒಳಮೈಗೆ ಕಪ್ಪು. ತೊಲೆ ಜಂತೆಗಳಿಗೆ ಅಲ್ಲಿಯೇ ಬೆಳೆಯುವ ಪಾಪ್ಲರ್, ವಿಲೋ ಮರ. ಇನ್ನೂ ಸರಳವಾದದ್ದು ಕಂದಕದ ಹಸಿರುಮನೆ: ಸುಮಾರು ಮೂರಡಿ ಆಳದ ಗುಂಡಿ ತೋಡಿ ಅದರ ಬಾಯಿಗೆ ಹಾಳೆ ಎಳೆಯುವುದು. ಲೇಹ್‌ನಲ್ಲಿರುವ ರಕ್ಷಣಾ ಇಲಾಖೆಯ ಎತ್ತರ ಪ್ರದೇಶ ಸಂಶೋಧನಾ ಸಂಸ್ಥೆ ಇದನ್ನು ರೈತರ ನಡುವೆ ಹರಡಿತು. ಗೋಡೆಯ ಕೆಲಸವನ್ನು ಭೂಮಿಯೇ ಮಾಡುವುದರಿಂದ ಬೇಕಾಗುವ ಸಾಮಾನು ತೀರಾ ಕಡಿಮೆ. ಬೊಲಿವಿಯಾದ ಎತ್ತರದ ಬಯಲಿನ ‘ವಾಲಿಪಿನಿ’ಯೂ ಇದೇ ಜಾತಿಯದು.

ಕರ್ನಾಟಕದಲ್ಲಿ ಲೆಕ್ಕ ಬೇರೆ. ಇಲ್ಲಿನ ಗಿಡಕ್ಕೆ ಚಳಿಯ ಭಯ ಹೆಚ್ಚಿಲ್ಲ. ಕಾಡುವುದು ಮಲೆನಾಡು ಕರಾವಳಿಗಳ ಜಡಿಮಳೆ, ಬಯಲುಸೀಮೆಯ ಬಿಸಿಲು, ಎಲ್ಲೆಡೆಯ ಹುಳು ಮತ್ತು ಕೋತಿ. ವಿದೇಶಿ ಪುಸ್ತಕದ ಚಿತ್ರ ನೋಡಿ ನಾಲ್ಕೂ ಕಡೆ ಕಿಟಕಿ ಮುಚ್ಚಿದ ಗಾಜಿನ ಕೋಣೆಯನ್ನು ಬೆಂಗಳೂರಿನ ತಾರಸಿಯಲ್ಲಿ ಕಟ್ಟಿದರೆ ಮಾರ್ಚಿನ ಮಧ್ಯಾಹ್ನ ಒಳಗಿನ ಗಿಡಗಳು ಬೆಂದುಹೋಗುತ್ತವೆ. ಟೊಮೆಟೊ 35 ಡಿಗ್ರಿಯ ಆಚೀಚೆಗೇ ಹೂ ಕಚ್ಚುವುದನ್ನು ಕಡಿಮೆ ಮಾಡುತ್ತದೆ. ಲಾಲ್‌ಬಾಗಿನ ಗಾಜಿನ ಮನೆಯ ಬದಿಗಳು ನೆಲಮಟ್ಟದಲ್ಲಿ ತೆರೆದೇ ಇರುವುದನ್ನು ಗಮನಿಸಿದರೆ ಈ ಹವೆಗೆ ಬೇಕಾದ ರೂಪ ತಿಳಿಯುತ್ತದೆ: ತಲೆಯ ಮೇಲೆ ಮಳೆ ತಡೆಯುವ ಬೆಳಕಿನ ಚಾವಣಿ, ಬದಿಗಳಿಗೆ ಬಲೆ. ಬದಿಗೆ ಹಳೆಯ ಸೊಳ್ಳೆಪರದೆ, ಕಿಟಕಿಯ ಜಾಲರಿ, ಶೇಡ್‌ನೆಟ್ಟಿನ ಉಳಿಕೆ ತುಂಡು ಎಲ್ಲವೂ ಒದಗುತ್ತವೆ. ಬೇಸಿಗೆಯಲ್ಲಿ ಚಾವಣಿಯ ಮೇಲೆ ಅರ್ಧ ಬಿಸಿಲು ತಡೆಯುವ ಶೇಕಡಾ 50ರ ನೆರಳು ಬಲೆ ಎಳೆದುಕೊಳ್ಳಬೇಕು.

ಆಗುಂಬೆಯಂತೆ ವರ್ಷಕ್ಕೆ 7,000 ಮಿಲಿಮೀಟರು ದಾಟಿ ಮಳೆ ಸುರಿಯುವ ಕಡೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ಮೆಣಸಿನ ಸಸಿ ಎಬ್ಬಿಸುವುದು ಕಷ್ಟ. ಅಲ್ಲಿಯ ಕೃಷಿಕರ ಕೈಯಲ್ಲಿ ಇದಕ್ಕೆ ಬೇಕಾದ ವಿದ್ಯೆ ಆಗಲೇ ಇದೆ. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗದ ತೋಟದ ಮನೆಗಳ ಅಂಗಳದಲ್ಲಿ ಅಡಿಕೆ ಒಣಗಿಸಲು ಅಡಿಕೆ ದಬ್ಬೆ, ಬಿದಿರುಗಳ ಮೇಲೆ ಪಾಲಿಥೀನು ಹೊದಿಸಿ ಕಟ್ಟುವ ಗೂಡು ತತ್ವದಲ್ಲಿ ಹಸಿರುಮನೆಯೇ. ಫಸಲು ನಿಂತ ಅಡಿಕೆ ಮರವನ್ನು ಸೀಳಿದರೆ ನೆಟ್ಟಗಿನ, ಉದ್ದನೆಯ ದಬ್ಬೆಗಳು ಸಿಗುತ್ತವೆ. ಗಂಟುಗಳ ಕಾಟವಿಲ್ಲ, ಕಮಾನಿಗೂ ಬಾಗುತ್ತವೆ. ಒಳಗಿನ ತಿರುಳು ಕೆತ್ತಿ, ಸಿಬಿರು ಒರೆದರೆ ಹಾಳೆ ಹರಿಯುವುದಿಲ್ಲ. ಅಡಿಕೆ ಒಣಗಿಸುವ ಕೆಲಸ ಚಳಿಗಾಲ ಬೇಸಿಗೆಯದು, ತರಕಾರಿಗೆ ಆಸರೆ ಬೇಕಾಗುವುದು ಮಳೆಗಾಲದಲ್ಲಿ. ಒಂದೇ ಗೂಡು ಎರಡಕ್ಕೂ ಸಾಲುತ್ತದೆ.

ಹಂಚಿನ ಮನೆ ಕೆಡವುವ ಕಡೆ ಹುಡುಕಬೇಕಾದ ಇನ್ನೊಂದು ವಸ್ತು ಗಾಜಿನ ಹಂಚು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯ ಚಾವಣಿಗಳ ರೂಪವೇ ಬದಲಾಯಿತು. ಕತ್ತಲೆಯ ಅಡುಗೆಮನೆಗೆ ಬೆಳಕು ಬರಲೆಂದು ಕೆಂಪು ಹಂಚುಗಳ ನಡುವೆ ಅದೇ ಅಚ್ಚಿನ ಒಂದೋ ಎರಡೋ ಗಾಜಿನ ಹಂಚು ಇಡುವುದು ವಾಡಿಕೆಯಾಯಿತು. ದಪ್ಪ ಗಾಜಿನ ಈ ಹಂಚುಗಳು ಒಂದರ ಮೇಲೊಂದು ಕಚ್ಚಿ ಕೂರುವುದರಿಂದ ಪುಟ್ಟಿ, ಸಿಲಿಕಾನು ಬೇಡ. ಸಂದಿನಲ್ಲಿ ಬಿಸಿಗಾಳಿ ಹೋಗುತ್ತದೆ, ಮಳೆ ಇಳಿಯುವುದಿಲ್ಲ. ರೀಪು ಹೊಡೆದ ಗಟ್ಟಿ ಇಳಿಜಾರು ಚಾವಣಿ ಬೇಕಾಗುತ್ತದೆ ಅಷ್ಟೆ.

ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಬಂಗಲೆಗಳು ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಡುತ್ತಿರುವಾಗ ತೇಗದ ಕಿಟಕಿಗಳು ಗುಜರಿ ಅಂಗಡಿಗಳಿಗೆ ಬರುತ್ತವೆ. ಬೆಂಗಳೂರಿನ ಜಾಲಿ ಮೊಹಲ್ಲಾದಂಥ ಕೇರಿಗಳು ಪ್ಲಾಸ್ಟಿಕ್, ಲೋಹಗಳಿಗೆ ಹೆಸರಾಗಿವೆ. ತಾರಸಿಯಲ್ಲಿ ಕಟ್ಟುವವರು ಭಾರದ ಬಗ್ಗೆ ಹೆಚ್ಚು ಯೋಚಿಸಬೇಕು. ಒಂದು ಡ್ರಮ್ಮು ನೀರು ಎಂದರೆ 200 ಕಿಲೊ. ಹಸಿ ಮಣ್ಣಿನ ಕುಂಡಗಳದು ಬೇರೆ. ಭಾರವೆಲ್ಲ ತೊಲೆ, ಗೋಡೆಗಳ ನೇರಕ್ಕೆ ಬರುವಂತೆ ಇಡಬೇಕು. ತಾರಸಿಗೆ ರಂಧ್ರ ಕೊರೆದರೆ ನೀರು ಸೋರುವ ಅಪಾಯವಿದೆ. ಚೌಕಟ್ಟನ್ನು ಪ್ಯಾರಾಪೆಟ್ಟಿಗೆ ಬಿಗಿದು, ಬುಡಕ್ಕೆ ಮರಳು ತುಂಬಿದ ಡಬ್ಬಿಗಳನ್ನು ಹೇರುವುದು ಲೇಸು.

ಬಳಸಬಾರದವು, ಬಳಸಿ ಮುಗಿದವು

ಪುಕ್ಕಟೆ ಸಿಕ್ಕಿತೆಂದು ಎಲ್ಲವನ್ನೂ ಹಿತ್ತಲಿಗೆ ತರುವಂತಿಲ್ಲ, ಅದರಲ್ಲೂ ತಿನ್ನುವ ಸೊಪ್ಪು ಬೆಳೆಯುವ ಜಾಗಕ್ಕೆ. ಹಳೆಯ ಕಿಟಕಿಯ ಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಭಾರತದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಲ್ಲಿ ಜಾರಿಯಾಯಿತು. ಅದಕ್ಕೂ ಹಿಂದಿನ ಬಣ್ಣವನ್ನು ಸೀಸವಿದೆ ಎಂದೇ ಭಾವಿಸಿ ನಡೆಯಬೇಕು. ಒಣಗಿದ ಬಣ್ಣವನ್ನು ಉಪ್ಪುಕಾಗದದಿಂದ ತಿಕ್ಕಿದರೆ ಆ ಧೂಳು ಮಕ್ಕಳ ಮಿದುಳಿಗೆ ಹಾನಿ. ಒದ್ದೆ ಮಾಡಿ ಕೆರೆದು, ಸಿಪ್ಪೆಯನ್ನು ಕೂಡಿಸಿ ಬೇರೆ ಹಾಕಿ, ಹೊಸ ಬಣ್ಣದಿಂದ ಮುಚ್ಚುವುದು ಕ್ಷೇಮ. ಕಲ್ನಾರಿನ ಸಿಮೆಂಟ್ ಶೀಟುಗಳನ್ನು ಕತ್ತರಿಸುವುದು, ಕೊರೆಯುವುದು, ಒಡೆಯುವುದು ಯಾವುದೂ ಸಲ್ಲದು. ಅದರ ನಾರು ಶ್ವಾಸಕೋಶದಲ್ಲಿ ಉಳಿದು ಕಾಲಾನಂತರ ಕ್ಯಾನ್ಸರ್ ತರುತ್ತದೆ. ಡಾಂಬರಿನೆಣ್ಣೆ ಕುಡಿದ ಹಳೆಯ ರೈಲ್ವೆ ಸ್ಲೀಪರುಗಳೂ ತರಕಾರಿ ಮಡಿಯ ಹತ್ತಿರ ಬೇಡ.

ಪ್ಯಾಲೆಟ್ಟುಗಳ ಮೇಲಿನ ಮುದ್ರೆ ಓದಲು ಕಲಿಯಬೇಕು. ದೇಶದಿಂದ ದೇಶಕ್ಕೆ ಹೋಗುವ ಮರದ ಪ್ಯಾಕಿಂಗಿಗೆ 2002ರಲ್ಲಿ ಬಂದ ಅಂತಾರಾಷ್ಟ್ರೀಯ ನಿಯಮದಂತೆ ತೆನೆಯ ಗುರುತಿನ ಪಕ್ಕದಲ್ಲಿ ಅಕ್ಷರಗಳಿರುತ್ತವೆ. ‘ಎಚ್‌ಟಿ’ ಎಂದರೆ ಬಿಸಿ ಮಾಡಿ ಹುಳು ಕೊಂದದ್ದು, ಬಳಸಬಹುದು. ‘ಎಂಬಿ’ ಎಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲಕ್ಕೆ ಒಡ್ಡಿದ್ದು, ಬಿಡಬೇಕು. ಮುದ್ರೆ ಏನೇ ಇರಲಿ, ರಾಸಾಯನಿಕ ಚೆಲ್ಲಿದ ಕಲೆ, ವಾಸನೆ ಇರುವ ಹಲಗೆಯನ್ನು ಮುಟ್ಟದಿರುವುದು ಒಳ್ಳೆಯದು. ನೀರಿಗೆ ತರುವ ಡ್ರಮ್ಮಿನಲ್ಲಿ ಮೊದಲು ಏನಿತ್ತೆಂದು ಮಾರುವವರನ್ನು ಕೇಳಲೇಬೇಕು. ಅಡುಗೆ ಎಣ್ಣೆ, ಬೆಲ್ಲದ ಪಾಕ ತುಂಬಿದ್ದಾದರೆ ಸರಿ, ಕೀಟನಾಶಕದ್ದಾದರೆ ಎಷ್ಟು ತೊಳೆದರೂ ಬೇಡ.

ಗಾಜು ಮತ್ತು ಕಬ್ಬಿಣ ಈ ಮನೆಯಿಂದ ಇನ್ನೊಂದು ಮನೆಗೆ ಹೋಗಬಲ್ಲವು, ದಬ್ಬೆ ಬಿದಿರುಗಳು ಕೊನೆಗೆ ಬಚ್ಚಲೊಲೆಗೆ ಸಲ್ಲುತ್ತವೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ಮಾತ್ರ ಕಾಲ ನೋಡಿ ಕೈಹಾಕಬೇಕು. ಬಿಸಿಲಿಗೆ ಹಳದಿಯಾದ ಬಾಟಲಿ, ಬೆರಳಲ್ಲಿ ಮಡಿಸಿದರೆ ಸೀಳುವ ಪಾಲಿಥೀನು ಇನ್ನು ಒಂದು ಬೇಸಿಗೆ ಉಳಿದರೆ ಪುಡಿಪುಡಿಯಾಗಿ ಮಡಿಯ ಮಣ್ಣಿಗೆ ಸೇರುತ್ತದೆ, ಆಮೇಲೆ ಅದನ್ನು ಹೆಕ್ಕಿ ತೆಗೆಯಲು ಯಾರಿಂದಲೂ ಆಗದು. ಇಡಿಯಾಗಿ ಬಿಚ್ಚಿಕೊಳ್ಳಲು ಬರುವಾಗಲೇ, ಸಾಮಾನ್ಯವಾಗಿ ಮಾರ್ಚಿಗೆ ಮೊದಲು, ಅದನ್ನು ಇಳಿಸಿ ತೊಳೆದು ಗುಜರಿಗೆ ಹಾಕಬೇಕು. ಮುಂಗಾರಿಗೆ ಮುಂಚೆ ಹೊಸ ಹಾಳೆ ಬಿಗಿಯಲು ಆಗ ಎರಡು ತಿಂಗಳಿಗೂ ಹೆಚ್ಚು ಸಮಯ ಉಳಿದಿರುತ್ತದೆ.